ಸತ್ತ ಕಾರ್ಡಿನ ವಿಳಾಸ

ದಿನಾಂಕ 22-6-2008, ರವಿವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಕಳಕಪ್ಪ ಬಾದಾಮಿ ಪೊಲೀಸ್ ಠಾಣೆಯ ಬಾಗಿಲಿಗೆ ಬಂದು ನಿಂತಾಗ ಹೆಡ್ ಕಾನ್‌ಸ್ಟೇಬಲ್ ಶಂಕ್ರಪ್ಪ ಎದ್ದು ಕುರ್ಚಿ ಕೊಟ್ಟ. ಠಾಣೆಯಲ್ಲಿ ಹಾಗೆ ಎದ್ದು ಕುರ್ಚಿ ಕೊಡುವ ಪದ್ಧತಿ ಇಲ್ಲ. ಆದರೆ ಶುಕ್ರವಾರ ಅಗಸ್ತ್ಯ ತೀರ್ಥದ ಕೆರೆಯಲ್ಲಿ ಮೆಟ್ಟಿಲ ಹತ್ತಿರ ಸಿಕ್ಕ ಹೆಣ ಈ ಮನುಷ್ಯನ ಒಬ್ಬಳೇ ಮಗಳದ್ದು. ಅದರ ಪಂಚನಾಮೆ ಬರೆದವನು ಶಂಕ್ರಪ್ಪನೇ. ಗುಹೆಗಳ ಮುಂದೆ ಗೈಡ್ ಕೆಲಸ ಮಾಡುತ್ತ ಬಂದ ಕಳಕಪ್ಪನ ದನಿ ಊರಿಗೆಲ್ಲ ಪರಿಚಯ. ಮೈಕು ಬೇಡ, ಕೆಳಗಿನ ಬಸ್ಸಿನವರೆಗೂ ಕೇಳಿಸುತ್ತಿತ್ತು. ಅವತ್ತು ಆ ದನಿ ಹೊರಡಲೇ ಇಲ್ಲ. ಮಡಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು ಕುಳಿತ.

ಮಗಳ ಹೆಸರು ಶೈಲಶ್ರೀ. ಇಳಕಲ್ಲಿನ ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಉಪನ್ಯಾಸಕಿ. ಕುಳಗೇರಿ ಕ್ರಾಸಿನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರ ಮಗ ಸಚಿನನ ಜೊತೆ ಮದುವೆ ಗೊತ್ತಾಗಿ, ಲಗ್ನಪತ್ರಿಕೆ ಹಂಚಿ ಆಗಿತ್ತು. ಹದಿನಾರನೇ ತಾರೀಖು ಗಂಡಿನ ಕಡೆಯವರು ಫೋನಿನಲ್ಲಿ ಸಂಬಂಧ ಬೇಡ ಎಂದರು, ಕಾರಣ ಹೇಳಲಿಲ್ಲ. ಇಪ್ಪತ್ತರಂದು ಬೆಳಕು ಹರಿಯುವಾಗ ಹುಡುಗಿ ಮನೆಯಲ್ಲಿ ಇರಲಿಲ್ಲ. ಅಸಹಜ ಸಾವು ಎಂದು ಪ್ರಕರಣ ದಾಖಲಾಗಿತ್ತು.

ಕಾರಣ ಈಗ ಆ ಹಾಳೆಯಲ್ಲಿತ್ತು. ಹುಡುಗಿಯ ಮಣ್ಣಿಗೆ ಬಂದಿದ್ದ ಸಚಿನನ ಸೋದರಮಾವ, ತಮ್ಮದೇನೂ ತಪ್ಪಿಲ್ಲ ಎಂದು ತೋರಿಸಲು ಅದನ್ನು ಕಳಕಪ್ಪನ ಕೈಯಲ್ಲಿ ತುರುಕಿ ಹೋಗಿದ್ದ. ಸಚಿನನಿಗೆ ಹದಿನಾಲ್ಕರ ಮಧ್ಯಾಹ್ನ ಯಾರೋ ಹುಸಿ ಹೆಸರಿನಿಂದ ಕಳಿಸಿದ ಇ-ಮೇಲಿನ ಪ್ರತಿ. ಹುಡುಗಿಗೆ ತೊನ್ನು ಇದೆ, ಬಟ್ಟೆ ಮುಚ್ಚುವ ಕಡೆ ಇರುವುದರಿಂದ ನಿಮಗೆ ಕಂಡಿಲ್ಲ, ಹುಬ್ಬಳ್ಳಿಯಲ್ಲಿ ಗುಟ್ಟಾಗಿ ಔಷಧ ನಡೆದಿದೆ ಎಂದು ಬರೆದಿತ್ತು.

ಇನ್ಸ್‌ಪೆಕ್ಟರ್ ಮುರ್ತುಜಸಾಬ ನದಾಫ ಅದನ್ನು ಎರಡು ಸಲ ಓದಿದರು. ಶವಪರೀಕ್ಷೆಯ ವರದಿ ಅವರ ಮೇಜಿನ ಮೇಲೇ ಇತ್ತು. ಮೈಮೇಲೆ ಹಳೆಯ ಕಲೆ, ಗಾಯ ಯಾವುದೂ ಇಲ್ಲ ಎಂದು ವೈದ್ಯರು ಬರೆದಿದ್ದರು. ಅದನ್ನು ತಂದೆಗೆ ಹೇಗೆ ಹೇಳಬೇಕೆಂದು ಅವರು ಯೋಚಿಸುತ್ತಿರುವಾಗ ಕಳಕಪ್ಪನೇ ಬಾಯಿಬಿಟ್ಟ.

"ಇದ್ರ ಏನಾತ್ರಿ ಸಾಹೇಬ್ರ? ಇದ್ರೂ ನನ್ನ ಮಗಳನ. ಆದ್ರ ಇದ್ದಿದ್ದಿಲ್ಲ. ಬರದಾವ ಯಾರಂತ ಹೇಳ್ರಿ, ನನಗ ಮತ್ತೇನೂ ಬ್ಯಾಡ."

ಹನ್ನೊಂದು ಗಂಟೆಗೆ ಎಫ್ಐಆರ್ ದಾಖಲಾಯಿತು. ಭಾರತೀಯ ದಂಡ ಸಂಹಿತೆ ಕಲಂ 306, ಆತ್ಮಹತ್ಯೆಗೆ ಪ್ರಚೋದನೆ. ಆರೋಪಿಯ ಹೆಸರು ಬರೆಯುವ ಜಾಗದಲ್ಲಿ ಶಂಕ್ರಪ್ಪ 'ಅಪರಿಚಿತ' ಎಂದು ಬರೆದ.

ಅದೇ ಮಧ್ಯಾಹ್ನ ಇನ್ಸ್‌ಪೆಕ್ಟರೂ ಶಂಕ್ರಪ್ಪನೂ ಕುಳಗೇರಿ ಕ್ರಾಸಿಗೆ ಹೋದರು. ಸಚಿನ ಅಂಗಡಿಯ ಒಳಗಿನ ಕೋಣೆಯಲ್ಲಿ ಕುಳಿತಿದ್ದ. ಇ-ಮೇಲ್ ಓದಿದ ಮೇಲೆ ಹುಡುಗಿಯನ್ನು ಕೇಳಿದೆಯಾ ಎಂದರೆ ಇಲ್ಲ ಎಂದ. ಅವಳ ತಂದೆಯನ್ನು? ಇಲ್ಲ. ಅವಳಿಂದ ಫೋನ್ ಬಂದಿತ್ತೇ? ಬಂದಿತ್ತು, ಎತ್ತಲಿಲ್ಲ. ಮನೆಯಲ್ಲಿ ಹಿರಿಯರು ಎತ್ತಬೇಡ ಅಂದರು. ಎತ್ತು ಈದಿದೆ ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದ ಹಾಗೆ, ಹೆಸರಿಲ್ಲದವನ ನಾಲ್ಕು ಸಾಲಿಗೆ ಇಡೀ ಮನೆ ತಲೆಯಾಡಿಸಿತ್ತು. ನಿಮಗೆ ಆಗದವರು ಯಾರಾದರೂ ಇದ್ದಾರೆಯೇ, ಇದಕ್ಕೂ ಮುಂಚೆ ಬೇರೆ ಸಂಬಂಧ ನೋಡಿದ್ದಿರಾ ಎಂದು ಮುರ್ತುಜಸಾಬರು ಕೇಳಿದರು. ನಾಲ್ಕೈದು ಕಡೆ ಕನ್ಯಾ ನೋಡಿರಬೇಕು, ಊರು ಹೆಸರು ಈಗ ನೆನಪಿಲ್ಲ ಎಂದ. ಸುಳ್ಳು ಹೇಳುತ್ತಿದ್ದಾನೆ ಅನಿಸಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ.

ಸೋಮವಾರ ಬಾಗಲಕೋಟೆಯ ಜಿಲ್ಲಾ ಕಚೇರಿಯ ಕಂಪ್ಯೂಟರ್ ವಿಭಾಗದವರು ಇ-ಮೇಲಿನ ತಲೆಬರಹವನ್ನು, ಅಂದರೆ ಅದು ಬಂದ ದಾರಿಯ ವಿವರವನ್ನು, ಬಿಡಿಸಿ ನೋಡಿ ಉತ್ತರ ಕೊಟ್ಟರು. ಅದು ಹೊರಟಿದ್ದು ಶೈಲಶ್ರೀ ಕೆಲಸ ಮಾಡುತ್ತಿದ್ದ ಇಳಕಲ್ಲಿನ ಕಾಲೇಜಿನಿಂದಲೇ. ಸಂಜೆಯೊಳಗೆ ಜೀಪು ಇಳಕಲ್ಲಿಗೆ ಮುಟ್ಟಿತು. ಕಾಲೇಜಿನ ಕಂಪ್ಯೂಟರುಗಳಿಗೆಲ್ಲ ಹೊರಗೆ ಹೋಗಲು ಒಂದೇ ಬಾಗಿಲು, ಒಳಗೆ ಮಾತ್ರ ಪ್ರತಿಯೊಂದಕ್ಕೂ ಬೇರೆ ವಿಳಾಸ. ಆ ಬಾಗಿಲಿನ ದಾಖಲೆಯನ್ನು ಪ್ರಿನ್ಸಿಪಾಲರು ತಾವೇ ತೆಗೆದು ಮುದ್ರಿಸಿಕೊಟ್ಟರು. ಹದಿನಾಲ್ಕರ ಮಧ್ಯಾಹ್ನ ಆ ಹೊತ್ತಿಗೆ ಹೊರಗಿನ ಮೇಲ್ ತೆರೆದಿದ್ದು ಒಳಗಿನ ಮೂವತ್ತೇಳನೇ ವಿಳಾಸ.

ಮೂವತ್ತೇಳು ಅಂದರೆ ಯಾರ ಕಂಪ್ಯೂಟರು ಎಂಬುದು ಮಾತ್ರ ಪ್ರಿನ್ಸಿಪಾಲರಿಗೆ ತಿಳಿಯದು. ವಿಳಾಸಗಳು ಮನೆಯ ಬಾಗಿಲ ಮೇಲಿನ ನಂಬರಿನ ಹಾಗೆ ಕಾಯಂ ಅಲ್ಲ, ಕಂಪ್ಯೂಟರು ಕೇಳಿದಾಗ ಖಾಲಿ ಇದ್ದದ್ದನ್ನು ಕೊಡಲಾಗುತ್ತದೆ. ಅದನ್ನೆಲ್ಲ ನೋಡಿಕೊಳ್ಳುವವನು ಬಸು. ರಜೆಯ ಮೇಲೆ ಕಮತಗಿಯ ತನ್ನ ಮನೆಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದರು.

ಮಂಗಳವಾರ ಹನ್ನೊಂದಕ್ಕೆ ಬಸು ಕಾಲೇಜಿನಲ್ಲಿದ್ದ. ಮೂವತ್ತರೊಳಗಿನ ತೆಳ್ಳನೆ ಹುಡುಗ, ಮೆತ್ತಗಿನ ಮಾತು. ವಾಯರುಗಳೆಲ್ಲ ಬಂದು ಸೇರುವ ಕಬ್ಬಿಣದ ಪೆಟ್ಟಿಗೆಯೊಂದನ್ನು ತೋರಿಸಿ, ಇದಕ್ಕೆ ಸ್ವಿಚ್ ಅನ್ನುತ್ತಾರೆ ಎಂದ. ಯಾವ ವಾಯರಿನ ತುದಿಗೆ ಯಾವ ಕಂಪ್ಯೂಟರಿದೆ, ಅದಕ್ಕೆ ಯಾವ ವಿಳಾಸ ಸಿಕ್ಕಿದೆ ಎಂದು ಇದು ನೆನಪಿಟ್ಟುಕೊಳ್ಳುತ್ತದೆ. ನೆನಪಿನಲ್ಲಿ ಇಲ್ಲದ್ದು ಬಂದು ಮಾತನಾಡಿದರೆ ಬಾಯಿ ಮುಚ್ಚಿಸುತ್ತದೆ. ಈ ನೆನಪಿಗೆ ಡಿಎಚ್‌ಸಿಪಿ ಸ್ನೂಪಿಂಗ್ ಬೈಂಡಿಂಗ್ ಎಂದು ಹೆಸರು. ಶಂಕ್ರಪ್ಪ ಇನ್ನೊಮ್ಮೆ ಹೇಳಲು ಕೇಳಿ, ಅರ್ಧ ಬರೆದು, ಹೊಡೆದು ಹಾಕಿ 'ಸ್ವಿಚ್ಚಿನ ನೆನಪು' ಎಂದು ಬರೆದುಕೊಂಡ. ಇಳಕಲ್ಲಿನಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಹೋದರೆ ಸ್ವಿಚ್ಚಿನ ನೆನಪೂ ಹೋಗುತ್ತದೆ. ಅದಕ್ಕೆ ಅದರ ನಕಲು, ಅಂದರೆ ಬ್ಯಾಕಪ್, ಇನ್ನೊಂದು ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಕರೆಂಟು ಬಂದಾಗ ಸ್ವಿಚ್ ಅದನ್ನು ಓದಿಕೊಂಡು ಮತ್ತೆ ಎಲ್ಲರನ್ನೂ ಗುರುತು ಹಿಡಿಯುತ್ತದೆ.

ಮೂವತ್ತೇಳರ ಮುಂದೆ, ಕಂಪ್ಯೂಟರಿನೊಳಗೆ ವಾಯರು ಸಿಕ್ಕಿಸುವ ನೆಟ್‌ವರ್ಕ್ ಕಾರ್ಡೊಂದರ ಸಂಖ್ಯೆ, ಒಂದು ವಾಯರಿನ ಸಂಖ್ಯೆ ಇದ್ದವು. ಬಸು ಅದನ್ನು ಮುದ್ರಿಸಿ ಕೊಟ್ಟ. ಆ ವಾಯರು ಹೋಗಿ ಸೇರುವುದು ಹಳೆಯ ಲ್ಯಾಬಿನ ಶಿಕ್ಷಕ ಅರ್ಷದನ ಮೇಜಿಗೆ. ಯಾರ ಮೇಜು ಎಂದು ಕೇಳಿದಾಗ ಬಸು ಹೆಸರು ಹೇಳಲು ತಡಮಾಡಿದ. ಗೆಳೆಯನಿರಬೇಕು, ಅದಕ್ಕೆ ಸಂಕಟ ಎಂದುಕೊಂಡರು ಮುರ್ತುಜಸಾಬರು.

ಅರ್ಷದ ತಾನು ಕಳಿಸಿಲ್ಲ ಎಂದ. ಹದಿನಾಲ್ಕರ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬನೇ ಇದ್ದದ್ದು ಹೌದು ಎಂದ. ಶೈಲಶ್ರೀಯ ಬಳಿ ಗಣಿತ ಹೇಳಿಸಿಕೊಳ್ಳುತ್ತಿದ್ದದ್ದೂ ಹೌದು, ಮುಂದಿನ ಪದವಿಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ. ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಜನ ಸೇರಿದ್ದರು. ಹುಡುಗಿ ಹಿಂದೂ, ಹುಡುಗ ಸಾಬರವ ಎಂಬ ಮಾತು ಹುಟ್ಟಿ ಆಗಲೇ ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಇನ್ಸ್‌ಪೆಕ್ಟರೂ ಸಾಬರವನೇ, ತಮ್ಮವನನ್ನು ಬಿಡುತ್ತಾನೆ ನೋಡು ಎಂದು ಯಾರೋ ಕೇಳಿಸುವ ಹಾಗೇ ಅಂದರು.

ಬೇರೆ ಯಾರಾಗಿದ್ದರೂ ಮುರ್ತುಜಸಾಬರು ಇನ್ನೊಂದು ದಿನ ವಿಚಾರಣೆ ಮಾಡುತ್ತಿದ್ದರು. ಅವತ್ತು ಮಾಡಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೊಸ ಕಾನ್‌ಸ್ಟೇಬಲ್‌ಗಳಿಗೆ ಬೋಧನೆ ಮಾಡುವ ಮನುಷ್ಯ, ನಾಲ್ಕು ಜನರ ಮಾತಿಗೆ ಅಂಜಿ ನಾಲ್ಕು ಗಂಟೆಗೆ ಅರ್ಷದನನ್ನು ದಸ್ತಗಿರಿ ಮಾಡಿದರು. ಅವನ ಕಂಪ್ಯೂಟರನ್ನು ಪಂಚರ ಎದುರು ಬಿಚ್ಚಿಸಿ, ಒಳಗಿದ್ದ ಒಂದೊಂದು ಭಾಗದ ಸಂಖ್ಯೆಯನ್ನೂ ಪಂಚನಾಮೆಯಲ್ಲಿ ಬರೆಸಿ, ಮುದ್ರೆ ಹಾಕಿಸಿದರು. ಸಂಜೆಗೆ ಹುಡುಗ ಬಾದಾಮಿ ಠಾಣೆಯ ಲಾಕಪ್ಪಿನಲ್ಲಿದ್ದ.

ಬೆನ್ನಹಿಂದಿನ ಬಸ್ಸಿಗೇ ಅವನ ತಾಯಿ ಕಾಸಿಂಬಿ ಬಂದಳು. ಅಂಗನವಾಡಿಯಲ್ಲಿ ಸಹಾಯಕಿ, ಗಂಡನಿಲ್ಲ. ಅಳಲಿಲ್ಲ.

"ನೀವೂ ನಮ್ಮವರು ಅಂತ ಕೇಳಾಕ ಬಂದಿಲ್ರಿ. ನನ್ನ ಮಗ ಇದನ್ನ ಮಾಡಿಲ್ಲ. ಅಷ್ಟ ಹೇಳಾಕ ಬಂದೇನಿ."

ಹೇಳಿ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಆ ಮಾತು ಮುರ್ತುಜಸಾಬರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮರುದಿನ ನಾಲ್ಕು ಗಂಟೆಯೊಳಗೆ ಹುಡುಗನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಅಲ್ಲಿಂದ ಜೈಲು. ಹೆಣ್ಣುಮಗಳ ಸಾವಿಗೆ ಕಾರಣನಾದವನೆಂದು ಒಮ್ಮೆ ಜೈಲಿಗೆ ಹೋದರೆ, ನಾಳೆ ನಿರಪರಾಧಿ ಎಂದು ತೀರ್ಪು ಬಂದರೂ ಇಳಕಲ್ಲಿನಲ್ಲಿ ಅವನು ತಲೆ ಎತ್ತಿ ತಿರುಗುವುದು ಸಾಧ್ಯವಿರಲಿಲ್ಲ.

ಅವರು ಪಂಚನಾಮೆಯನ್ನು ಮುಂದೆ ಇಟ್ಟುಕೊಂಡು ಕುಳಿತರು. ಬಸು ಕೊಟ್ಟ ಹಾಳೆಯಲ್ಲಿ ಮೂವತ್ತೇಳರ ಮುಂದಿದ್ದ ಕಾರ್ಡಿನ ಸಂಖ್ಯೆಯನ್ನೂ ಅರ್ಷದನ ಕಂಪ್ಯೂಟರಿನಿಂದ ಶಂಕ್ರಪ್ಪ ಬರೆದುಕೊಂಡ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದರು. ವಾಯರು ಅದೇ, ಕಾರ್ಡು ಬೇರೆ. ತಪ್ಪು ಬರೆದಿದ್ದೀಯಾ ಎಂದು ಶಂಕ್ರಪ್ಪನನ್ನು ಕೇಳಿದರು. ಅವನಿಗೆ ಸಿಟ್ಟು ಬಂತು. ಪಂಚರಿಂದ ಓದಿಸಿ ಬರೆದಿದ್ದೇನೆ, ಬೇಕಾದರೆ ಮುದ್ರೆ ಒಡೆದು ನೋಡಿ ಎಂದ.

ಬುಧವಾರ ಬೆಳಿಗ್ಗೆ ಕಾಲೇಜು ತೆರೆಯುವ ಹೊತ್ತಿಗೆ ಅವರು ಮತ್ತೆ ಇಳಕಲ್ಲಿನಲ್ಲಿದ್ದರು. ಲ್ಯಾಬುಗಳ ಸಾಮಾನಿನ ಜವಾಬ್ದಾರಿ ಪ್ರೀತಿ ಎಂಬ ಶಿಕ್ಷಕಿಯದು. ಎರಡು ಸಂಖ್ಯೆ ತೋರಿಸಿದ ಕೂಡಲೇ ಆಕೆ ಎದ್ದು ಹೋಗಿ ಕೆಟ್ಟ ಸಾಮಾನಿನ ಡಬ್ಬಿ ತಂದಳು. ಜೂನ್ ಎರಡರ ಸಿಡಿಲಿಗೆ ಅರ್ಷದನ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು ಸುಟ್ಟುಹೋಗಿತ್ತು. ಹೊಸದು ಹಾಕಿದ್ದರು. ಹಳೆಯದು ಡಬ್ಬಿಯಲ್ಲೇ ಇತ್ತು, ಒಂದು ಮೂಲೆ ಕರ್ರಗಾಗಿ. ಅದರ ಮೇಲಿನ ಸಂಖ್ಯೆಯೂ ಬಸು ಕೊಟ್ಟ ಹಾಳೆಯ ಸಂಖ್ಯೆಯೂ ಒಂದೇ.

ಎರಡನೇ ತಾರೀಖು ಸತ್ತ ಕಾರ್ಡು ಹದಿನಾಲ್ಕಕ್ಕೆ 'ಇದು ನನ್ನ ವಿಳಾಸ' ಎಂದು ಹೇಳಿತ್ತೆಂದರೆ, ಸ್ವಿಚ್ಚಿಗೆ ಯಾರೋ ಹಳೆಯ ನೆನಪನ್ನು ತುಂಬಿದ್ದರು.

ಮಂಗಳವಾರ ಬೆಳಿಗ್ಗೆ, ಪೊಲೀಸರು ಬರುವ ಮುಂಚೆ, ಏನಾದರೂ ಹೆಚ್ಚುಕಡಿಮೆ ಆಗಿತ್ತೇ ಎಂದು ಕೇಳಿದರು. ಆಗಿತ್ತು. ಜೂನ್ ಎರಡನೇ ವಾರ ಶುರುವಾದ ಹೊಸ ಲ್ಯಾಬಿನಲ್ಲಿ ಯಾವ ಕಂಪ್ಯೂಟರಿಗೂ ನೆಟ್ ಇರಲಿಲ್ಲ, ಹಳೆಯ ಲ್ಯಾಬಿನಲ್ಲೂ ಅರ್ಷದನ ಕಂಪ್ಯೂಟರಿಗೆ ಇರಲಿಲ್ಲ, ಉಳಿದವಕ್ಕೆ ಇತ್ತು. ಪೊಲೀಸರು ಹೋದ ಮೇಲೆ ಬಸು ಸರಿ ಮಾಡಿದ ಎಂದಳು ಪ್ರೀತಿ. ಹಳೆಯ ನೆನಪಿನಲ್ಲಿ ಹೊಸ ಲ್ಯಾಬಾಗಲಿ ಅರ್ಷದನ ಹೊಸ ಕಾರ್ಡಾಗಲಿ ಇರಲು ಸಾಧ್ಯವಿಲ್ಲ, ಅದಕ್ಕೇ ಸ್ವಿಚ್ ಅವುಗಳ ಬಾಯಿ ಮುಚ್ಚಿಸಿತ್ತು. ಮುರ್ತುಜಸಾಬರಿಗೆ ಇಷ್ಟು ಅರ್ಥವಾಯಿತು.

ಬಸುವನ್ನು ಕರೆಸಿದರು. ಅವನು ಒಪ್ಪಿಕೊಂಡ, ಅರ್ಧ ಮಾತ್ರ. ಮಂಗಳವಾರ ಬೆಳಿಗ್ಗೆ ಕರೆಂಟು ಹೋಗಿ ಸ್ವಿಚ್ ತಾನಾಗಿಯೇ ಮತ್ತೆ ಶುರುವಾಗಿತ್ತಂತೆ, ಬ್ಯಾಕಪ್ ಮೇ ತಿಂಗಳದ್ದು ಇದ್ದದ್ದು ತನಗೆ ಆಗ ಗೊತ್ತಾಗಲಿಲ್ಲವಂತೆ. ಹಾಗಾದರೆ ಹದಿನಾಲ್ಕರ ನಿಜವಾದ ದಾಖಲೆ ಎಲ್ಲಿ? ಕರೆಂಟಿನ ಜೊತೆ ಹೋಯಿತು ಎಂದ. ಪೊಲೀಸರು ಈ ವಿಳಾಸ ಹುಡುಕುತ್ತಿದ್ದಾರೆಂದು ಯಾವಾಗ ತಿಳಿಯಿತು ಎಂದು ಕೇಳಿದ್ದಕ್ಕೆ, ನೀವು ಬಂದಾಗಲೇ, ಸೋಮವಾರ ನಾನು ಊರಲ್ಲಿದ್ದೆನಲ್ಲ ಎಂದ. ಹೇಳಿದ್ದರಲ್ಲಿ ನಡೆಯಲಾರದ್ದು ಯಾವುದೂ ಇರಲಿಲ್ಲ. ಅದು ನಿಜವಾದರೆ ಅರ್ಷದ ಹೇಗೋ ಬಿಡುಗಡೆಯಾದಾನು, ಆದರೆ ಬರೆದವನು ಯಾರೆಂದು ಕಳಕಪ್ಪನಿಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ.

ಹೇಳಿಕೆ ಕೊಟ್ಟ ಮೇಲೆ ಅದನ್ನು ತಾಳೆ ನೋಡುವುದು ಕ್ರಮ. ಕಮತಗಿ ಬಾದಾಮಿಯ ದಾರಿಯಲ್ಲೇ ಸಿಗುತ್ತದೆ. ಹನ್ನೊಂದರ ಸುಮಾರಿಗೆ ಅವರು ಬಸುವಿನ ಮನೆಯ ಮುಂದೆ ಜೀಪು ನಿಲ್ಲಿಸಿದರು.

ತಾಯಿ ಯಮನವ್ವ ಸೀರೆ ನೇಯುವ ಕುಣಿಮಗ್ಗದ ಮುಂದೆ ಕುಳಿತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾದವಳು, ಕಾಲೇಜಿನ ಕೆಲಸಕ್ಕೆ ಬಂದಿದ್ದೇವೆ, ಮಗನ ರಜೆಯ ವಿಷಯ ಕೇಳಬೇಕಿತ್ತು ಎಂದಾಗ ಸಮಾಧಾನವಾದಳು. ಮುರ್ತುಜಸಾಬರು ಹೇಳಿದ್ದು ಸುಳ್ಳಲ್ಲ, ಆದರೂ ಹೇಳುವಾಗ ಅವರಿಗೆ ಹಿತವೆನಿಸಲಿಲ್ಲ. ಸೋಮವಾರ ಮಗ ಮನೆಯಲ್ಲೇ ಇದ್ದನೇ ಎಂದು ಕೇಳಿದರು.

"ಇದ್ದಾರಿ. ಸಂಜಿಮುಂದ ಪ್ರಿನ್ಸಿಪಾಲರ ಫೋನ್ ಬಂತು, ಆವಾಗಿಂದ ಒಂದ ತುತ್ತು ಉಣಲಿಲ್ಲ. ಮುಂಜಾನೆ ಮೊದಲನೇ ಬಸ್ಸಿಗೆ ಹೋದ. ಭಾಳ ಕೆಲಸ ಹಚ್ಚತಾರ್ರಿ ಕಾಲೇಜಿನವರು."

ಶಂಕ್ರಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ಮಗ್ಗ ನೋಡುತ್ತಿದ್ದರು. ಹಳೆಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ಮುಗಿದಿತ್ತು. ನೇಯ್ದ ಸೀರೆಯನ್ನು ತೆಗೆದಿದ್ದರು, ಆದರೆ ಎಳೆಗಳು ಹಾದು ಬರುವ ಹಣಿಗೆಯ ಹಲ್ಲುಗಳಲ್ಲಿ ಹಳೆಯ ಎಳೆಗಳ ಮೊಳದುದ್ದದ ತುದಿಗಳು ಹಾಗೇ ಉಳಿದಿದ್ದವು. ಯಮನವ್ವ ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಎಳೆಯ ತುದಿಗೆ ಹೊಸೆದು ಗಂಟು ಹಾಕುತ್ತಿದ್ದಳು. ಸಾವಿರಾರು ಎಳೆ. ಹಳೆಯದನ್ನೆಲ್ಲ ಕತ್ತರಿಸಿ ತೆಗೆದು ಹೊಸದಾಗಿ ಶುರು ಮಾಡಬಾರದೇಕೆ ಎಂದು ಮುರ್ತುಜಸಾಬರು ಕೇಳಿದರು. ಮಾತು ಬೆಳೆಸಲು ಕೇಳಿದ್ದು, ಅಷ್ಟೆ.

ಯಮನವ್ವ ನಕ್ಕಳು. "ಹಳಿ ಎಳಿ ಕಡದು ಒಗದ್ರ ಹೊಸಾವು ಹಣಗ್ಯಾಗ ಹೆಂಗ ಹೋಗಬೇಕ್ರಿ? ಹಳೇದರ ಬೆನ್ನ ಹಿಡದ ಹೊಸಾದು ಹೋಗೂದು. ನಮ್ಮ ಬಸು ಸಣ್ಣಾವಿದ್ದಾಗಿಂದ ಈ ಗಂಟು ಹಾಕ್ಯಾನ. ಕಾಲೇಜಿನ್ಯಾಗೂ ಹಿಂಗ ಮಾಡತಾನಂತ. ಹೊಸಾದು ಹಾಕಬೇಕಾದ್ರ ಹಳೇದನ್ನ ಬಾಜೂಕ ತಗದಿಡತೇನಿ ಯವ್ವಾ, ಒಗ್ಯಾಕ ಕೈ ಬರೂದಿಲ್ಲ ಅಂತಾನ."

ಮಗನ ಜಾಣತನ ಹೇಳುವಾಗ ತಾಯಿಯ ಮುಖ ಅರಳಿತ್ತು. ಮುರ್ತುಜಸಾಬರು ತಲೆ ತಗ್ಗಿಸಿದರು.

ಒಳಗಿನಿಂದ ಮಗಳು ಶಾರವ್ವ ಚಹಾ ತಂದಳು. ಬಸುವಿನ ಅಕ್ಕ. ಚಹಾದ ಕಪ್ ಹಿಡಿದ ಬೆರಳುಗಳ ತುದಿಗಳು ಬೆಳ್ಳಗಿದ್ದವು, ತುಟಿಯ ಅಂಚಿನಲ್ಲೂ ಬಿಳಿ ಕಲೆ ಇತ್ತು. ಆಕೆ ಕಪ್ಪನ್ನು ಕೈಗೆ ಕೊಡಲಿಲ್ಲ, ಮುಂದಿನ ಮಣೆಯ ಮೇಲಿಟ್ಟಳು. ಮುರ್ತುಜಸಾಬರು ಕೂಡಲೇ ಎತ್ತಿಕೊಂಡು ಕುಡಿದರು. ಅವಳು ಒಳಗೆ ಹೋದ ಮೇಲೆ ಯಮನವ್ವ ತಾನಾಗಿಯೇ ಹೇಳಿದಳು. ಎರಡು ವರ್ಷದ ಹಿಂದೆ ಒಂದು ಸಂಬಂಧ ಹೆಚ್ಚುಕಡಿಮೆ ಕೂಡಿಬಂದಿತ್ತು, ಕುಳಗೇರಿ ಕ್ರಾಸಿನವರು, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಆಗ ಕಲೆ ಇದ್ದದ್ದು ಹೆಗಲ ಮೇಲೆ ಒಂದು ಬೊಟ್ಟಿನಷ್ಟು. ಯಾರೋ ಹೋಗಿ ಹೇಳಿದರು, ಅವರು ಬಿಟ್ಟರು. ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ. ಅದಾದ ಮೇಲೆ ಕಲೆ ಕೈಗೆ ಬಂತು, ಮುಖಕ್ಕೆ ಬಂತು, ಕನ್ಯಾ ನೋಡಲು ಬರುವವರೇ ನಿಂತುಹೋದರು.

ಹುಡುಗನ ಹೆಸರೇನು ಎಂದು ಮುರ್ತುಜಸಾಬರು ಕೇಳಲೇಬೇಕಾಯಿತು.

"ಸಚಿನ ಅಂತ್ರಿ."

ಜೀಪು ಬಾದಾಮಿಗೆ ಹೋಗಲಿಲ್ಲ, ಮತ್ತೆ ಇಳಕಲ್ಲಿಗೆ ತಿರುಗಿತು. ಆ ಮನೆಯಲ್ಲಿ ಕುಡಿದ ಚಹಾದ ಋಣ ಭಾರವಾಗಿತ್ತು.

ಬಸು ಸ್ವಿಚ್ಚಿನ ಕೋಣೆಯಲ್ಲಿ ಒಬ್ಬನೇ ಇದ್ದ. ಪಂಚರನ್ನು ಬಾಗಿಲಲ್ಲಿ ನಿಲ್ಲಿಸಿ ಮುರ್ತುಜಸಾಬರು ಒಳಗೆ ಹೋದರು. ಗದರಿಸಲಿಲ್ಲ.

"ಬಸು, ಮಂಗಳವಾರ ಮುಂಜಾನೆ ಬಾಜೂಕ ತಗದಿಟ್ಟದ್ದು ಎಲ್ಲೈತಿ?"

ಅವನು ತಲೆ ಎತ್ತಿದ. "ಕಮತಗಿಗೆ ಹೋಗಿದ್ರೇನ್ರಿ?"

"ಹೋಗಿದ್ದೆ."

"ಅವ್ವಗ ಹೇಳಿರೇನ್ರಿ?"

"ಇಲ್ಲ."

ಬಸು ಕಂಪ್ಯೂಟರಿನ ಮುಂದೆ ಕುಳಿತು, ಯಾರೂ ನೋಡದ ಮೂಲೆಯೊಂದರಿಂದ ಒಂದು ಕಡತ ತೆರೆದ. ಜೂನ್ ತಿಂಗಳ ಬ್ಯಾಕಪ್, ಪೂರ್ತಿ. ಹೊಸ ಲ್ಯಾಬು ಅದರಲ್ಲಿತ್ತು, ಅರ್ಷದನ ಹೊಸ ಕಾರ್ಡು ಬೇರೆ ವಿಳಾಸದ ಮುಂದಿತ್ತು. ಸಿಡಿಲಿಗೆ ಸತ್ತ ಕಾರ್ಡು ಬಿಟ್ಟುಹೋದ ಮೂವತ್ತೇಳು ಬಸು ಕುಳಿತಿದ್ದ ಕಂಪ್ಯೂಟರಿಗೇ ಸಿಕ್ಕಿತ್ತು.

ಉಳಿದದ್ದನ್ನು ಅವನು ತಡವರಿಸದೆ ಹೇಳಿದ, ಶಂಕ್ರಪ್ಪ ಬರೆದುಕೊಂಡ. ತನ್ನ ಸಾಲನ್ನು ಮಾತ್ರ ಅಳಿಸಿದ್ದರೆ ಜಾಗ ಖಾಲಿ ಕಾಣುತ್ತಿತ್ತು, ಅಳಿಸಬಲ್ಲವನು ತಾನೊಬ್ಬನೇ. ಅದಕ್ಕೆ ಮೇ ತಿಂಗಳ ಬ್ಯಾಕಪ್ಪನ್ನು ತುಂಬಿ ಸ್ವಿಚ್ಚನ್ನು ಆರಿಸಿ ಹೊತ್ತಿಸಿದ್ದ. ಆ ವಿಳಾಸ ಮೊದಲು ಯಾರದಾಗಿತ್ತು ಎಂದು ನೋಡಿರಲಿಲ್ಲ. ಮುದ್ರಣವಾಗಿ ಹಾಳೆ ಹೊರಗೆ ಬಂದಾಗ ಅರ್ಷದನ ವಾಯರು ಕಂಡಿತು. ಪೊಲೀಸರು ಹೋದ ಮೇಲೆ ಜೂನಿನ ಬ್ಯಾಕಪ್ಪನ್ನು ಮತ್ತೆ ಹಾಕಿ, ಸ್ವಿಚ್ಚಿನಿಂದ ತನ್ನ ಸಾಲು ತೆಗೆದ. ಬಾಜೂಕೆ ಇಟ್ಟಿದ್ದ ಪ್ರತಿಯನ್ನು ಮಾತ್ರ ಮುಟ್ಟಲಿಲ್ಲ.

"ಇದನ್ಯಾಕ ಅಳಸಲಿಲ್ಲ?"

"ಅರ್ಷದನ್ನ ಬಿಡಸಾಕ ಇದೊಂದ ಇತ್ರಿ. ತಂದು ಕೊಡಾಕ ಧೈರ್ಯ ಆಗಲಿಲ್ಲ. ಅಳಸಾಕೂ ಕೈ ಬರಲಿಲ್ಲ."

"ಶೈಲಶ್ರೀ ನಿನಗೇನ ಮಾಡಿದ್ದಳು?"

"ಏನೂ ಮಾಡಿಲ್ರಿ. ಮೇಡಂ ಭಾಳ ಛಲೋ ಇದ್ರು." ಅವನು ಪರದೆಯ ಕಡೆ ತಿರುಗಿದ. "ಲಗ್ನಪತ್ರಿಕಿ ಕೊಟ್ರು, ಹುಡುಗನ ಹೆಸರು, ಅಂಗಡಿ, ಇ-ಮೇಲು ಎಲ್ಲಾ ಓದಿದೆ. ಮೇಡಂ ಬಗ್ಗೆನೂ ಹಂಗ ಬರದ್ರ ಆ ಮಂದಿ ಏನ ಮಾಡತಾರ ನೋಡೂಣು ಅನಸ್ತು. ಬರತಾರ, ಕೇಳತಾರ, ಸುಳ್ಳಂತ ಗೊತ್ತಾಗಿ ನಾಚತಾರ ಅಂತ ಮಾಡಿದ್ದೆ. ಲಗ್ನ ನಿಂದರತೈತಿ ಅಂತ ಮಾಡಿದ್ದಿಲ್ರಿ. ಒಬ್ಬರೂ ಕೇಳಲಿಲ್ಲ. ನಮ್ಮ ಅಕ್ಕನ್ನೂ ಕೇಳಿದ್ದಿಲ್ಲ."

ಹದಿನಾರಕ್ಕೇ ಸಂಬಂಧ ಮುರಿಯಿತು, ಇಪ್ಪತ್ತರವರೆಗೆ ನಿನಗೆ ಸಮಯವಿತ್ತು, ನಾನೇ ಬರೆದದ್ದು ಎಂದು ಒಂದು ಮಾತು ಹೇಳಬಹುದಿತ್ತಲ್ಲ ಎಂದರು ಮುರ್ತುಜಸಾಬರು. ಬಸು ಎರಡೂ ಕೈ ಮುಂದೆ ಚಾಚಿದ. ಕೋಳ ಬೇಡ ಎಂದು ಶಂಕ್ರಪ್ಪನಿಗೆ ಸನ್ನೆ ಮಾಡಿದರು. ಮಧ್ಯಾಹ್ನ ಒಂದೂವರೆಗೆ ದಸ್ತಗಿರಿ, ಕಂಪ್ಯೂಟರು ಮತ್ತು ಬ್ಯಾಕಪ್ ಪಂಚನಾಮೆಯ ಮೂಲಕ ವಶ.

ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿ, ಅರ್ಷದನನ್ನು ಲಾಕಪ್ಪಿನಿಂದ ಹೊರಗೆ ಕೂರಿಸಿ ಊಟ ಕೊಡಿ, ಸಾಕ್ಷ್ಯವಿಲ್ಲದವರನ್ನು ಬಿಡುವ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 169ರ ಪ್ರಕಾರ ಬಿಡುಗಡೆಯ ಕಾಗದ ತಯಾರಿಸಿ ಎಂದರು. ಆಮೇಲೆ ಫೋನನ್ನು ಕಾಸಿಂಬಿಗೆ ಕೊಡಲು ಹೇಳಿ, ನಿಮ್ಮ ಮಗ ಮಾಡಿಲ್ಲ, ತಪ್ಪು ನನ್ನದು ಎಂದು ತಾವೇ ಹೇಳಿದರು. ನಿನ್ನೆಯೇ ನಾನು ಹೇಳಿದ್ದೆನಲ್ಲ ಎಂದಷ್ಟೇ ಹೇಳಿ ಆಕೆ ಫೋನನ್ನು ಕಾನ್‌ಸ್ಟೇಬಲ್‌ನ ಕೈಗೆ ವಾಪಸು ಕೊಟ್ಟಳು. ಕಳಕಪ್ಪನಿಗೆ ಹೆಸರು ಹೇಳುವುದು ಇನ್ನೂ ಬಾಕಿ ಇತ್ತು.

ದಸ್ತಗಿರಿಯಾದವನ ಸಂಬಂಧಿಕರಿಗೆ ತಿಳಿಸಿ ಸಹಿ ಪಡೆಯಬೇಕೆಂದು ಕಾನೂನಿದೆ. ಕಮತಗಿ ಹತ್ತಿರವಾದಾಗ, ಮನೆಯ ಮುಂದೆ ಜೀಪು ನಿಲ್ಲಿಸಬೇಡಿ ಎಂದು ಬಸು ಕೇಳಿಕೊಂಡ. ಓಣಿಯ ತುದಿಯಲ್ಲೇ ನಿಲ್ಲಿಸಿ ಮುರ್ತುಜಸಾಬರು ಒಬ್ಬರೇ ನಡೆದು ಹೋದರು. ಯಮನವ್ವ ಒಳಗೆ ಎಳೆಗಳಿಗೆ ಗಂಟು ಹಾಕುತ್ತಲೇ ಇದ್ದಳು. ಬಾಗಿಲಿಗೆ ಬಂದವಳು ಶಾರವ್ವ.

ಅವರು ಮೆಲ್ಲಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು. ಅವ್ವನಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದಳು. ಸಹಿ ಮಾಡಿದಳು. ಆಮೇಲೆ ಆ ಹುಡುಗಿಯ ಬಗ್ಗೆ ಬಸು ಏನೆಂದು ಬರೆದಿದ್ದ ಎಂದು ಕೇಳಿದಳು. ಮುರ್ತುಜಸಾಬರು ಹೇಳಲು ಹಿಂದೆಗೆದರು. ಅವಳು ಬಿಡಲಿಲ್ಲ, ಹೇಳಿದರು.

ಶಾರವ್ವ ತನ್ನ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅವರು ಬ್ಯಾಡ ಅಂದಾಗ ನನಗ ಇಷ್ಟು ಹತ್ತಿದ್ದಿಲ್ರಿ. ಹೊರಗಿನವರು, ಅಂದ್ರು, ಹೋದ್ರು. ಇವ ನನ್ನ ತಮ್ಮ. ಒಬ್ಬಾಕಿ ಬಾಳೇವು ಕೆಡಸಾಕ ಏನ ಬರೀಲಿ ಅಂತ ಕುಂತಾಗ ಇವನಿಗೂ ನನ್ನ ಮೈನ ನೆಪ್ಪಾತಲ್ರಿ."

ಮುರ್ತುಜಸಾಬರು ಸಹಿಯ ಕಾಗದ ಮಡಚಿಕೊಂಡರು. ಅವಳು ಒಳಗೆ ಹೋಗಿ ತಾಯಿಯ ಪಕ್ಕ ಕುಳಿತದ್ದನ್ನು ನೋಡಿ, ಅವರು ಓಣಿಯಲ್ಲಿ ಹಿಂದಿರುಗಿ ನಡೆದರು.